ಕಿವಿ ನಮ್ಮದು, ಕೇಳುವುದು ಅವರದು

ಆರೋಗ್ಯ ಸಚಿವಾಲಯದ ಕಾರ್ಯದರ್ಶಿಗಳ ಸನ್ನಿಧಿಗೆ,

ಮಾನ್ಯರೇ,

ನನ್ನ ಮೊಮ್ಮಗಳಿಗೆ ಈಗ ಕಿವಿ ಕೇಳಿಸುತ್ತದೆ. ತಮ್ಮ ಸಚಿವಾಲಯದ ಆಸ್ಪತ್ರೆಯಲ್ಲಿ, ತಮ್ಮ ವೈದ್ಯರ ಕೈಯಿಂದ, ತಮ್ಮ ಉಗ್ರಾಣದ ಸಾಧನವನ್ನೇ ಕಿವಿಯೊಳಗೆ ಕೂರಿಸಿಕೊಂಡು ಬಂದಿದ್ದಾಳೆ. ಕೃತಜ್ಞತೆ ಹೇಳಬೇಕಾದ ನಾನು ತಲೆ ತಗ್ಗಿಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಅವಳಿಗೆ ಅದು ಸಿಕ್ಕಿದ್ದು ತಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ನಾನು ಹೇಳಿದ ಒಂದು ಸುಳ್ಳಿನಿಂದ. ಅದೇ ಕಿಟಕಿಯಲ್ಲಿ, ಅದೇ ಬೆಳಿಗ್ಗೆ, ನಮಗಿಂತ ಮುಂಚೆ ನಿಂತಿದ್ದ ಒಬ್ಬ ತಾಯಿ ನಿಜ ಹೇಳಿದರು. ಅವರ ಮಗಳಿಗೆ ಇವತ್ತಿಗೂ ಏನೂ ಕೇಳಿಸುವುದಿಲ್ಲ. ಬರುವ ತಿಂಗಳ ಕೊನೆಗೆ ಆ ಮಗುವಿಗೆ ಐದು ತುಂಬುತ್ತದೆ. ಐದು ತುಂಬಿದ ಮೇಲೆ ಈ ಶಸ್ತ್ರಚಿಕಿತ್ಸೆ ಇಲ್ಲ ಎಂಬುದು ತಮ್ಮದೇ ನಿಯಮ. ಸುಳ್ಳು ಹೇಳಿದವನ ಮೊಮ್ಮಗಳನ್ನು ಒಳಗೆ ಕರೆದು, ನಿಜ ಹೇಳಿದವಳ ಮಗಳನ್ನು ಹೊರಗೆ ನಿಲ್ಲಿಸುವ ಹಾಗೆ ತಮ್ಮ ಸಚಿವಾಲಯವನ್ನು ಕಟ್ಟಲಾಗಿದೆ, ಅದೇ ನನ್ನ ದೂರು.

ದೂರು ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನಾನು ಮೇಷ್ಟ್ರು, ಇಷ್ಟಕ್ಕೇ ಮುಗಿಸಿದರೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಇದನ್ನು ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೀರಿ, ಖುದ್ದಾಗಿ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಖುದ್ದಾಗಿ ಬಂದಿದ್ದೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ನಾಲ್ಕು ಜನರ ಎದುರಿಗೆ ಹೇಳಿದ ಸುಳ್ಳನ್ನು ಮುಚ್ಚಿದ ಲಕೋಟೆಯಲ್ಲಿ ಒಪ್ಪಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಮುಚ್ಚಿದ ಲಕೋಟೆಗಳಿಗೆ ತಮ್ಮ ಕಚೇರಿಯಲ್ಲಿ ಎಂಥ ಸದ್ಗತಿ ಸಿಗುತ್ತದೆ ಎಂಬುದೂ ನನಗೆ ತಿಳಿಯದ ವಿಷಯವಲ್ಲ.

ಓದುಗರಿಗಾಗಿ ನನ್ನ ಪರಿಚಯ ಹೇಳಿಬಿಡುತ್ತೇನೆ, ತಮಗೆ ಅದರ ಅಗತ್ಯವಿಲ್ಲ. ಸಚಿವಾಲಯದ ತರಬೇತಿ ಕೇಂದ್ರದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಗಳಿಗೂ ಗುಮಾಸ್ತರಿಗೂ ‘ಸಚಿವಾಲಯದ ಇತಿಹಾಸ ಮತ್ತು ಸಂಘಟನೆ’ ಎಂಬ ವಿಷಯವನ್ನು ನಿವೃತ್ತನಾಗುವವರೆಗೂ ಪಾಠ ಮಾಡಿದವನು ನಾನು. ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ತೂಗುಹಾಕಿಕೊಂಡು, ಯಾರ ಕೆಳಗೆ ಯಾರು, ಯಾವ ನಿರ್ದೇಶನಾಲಯದ ಬಾಲ ಯಾವ ಇಲಾಖೆಯ ಬಾಗಿಲಿಗೆ ಸಿಕ್ಕಿಕೊಂಡಿದೆ ಎಂದು ಕೋಲಿನಿಂದ ತೋರಿಸುತ್ತಿದ್ದೆ. ಹುಡುಗರು ನನಗೆ ಇಟ್ಟಿದ್ದ ಹೆಸರು ನಕ್ಷೆ ಮೇಷ್ಟ್ರು. ಮನೆಯಲ್ಲಿ ನಮ್ಮಾಕೆಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ. ತಾವೂ ನನ್ನ ತರಗತಿಯಲ್ಲಿ ಕೂತವರು. ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ.

ತಮಗೆ ನೆನಪಿದೆಯೋ ಇಲ್ಲವೋ, ಮೊದಲ ದಿನದ ಪಾಠವನ್ನು ನಾನು ಬಂದರಿನಿಂದ ಶುರು ಮಾಡುತ್ತಿದ್ದೆ. ನಮ್ಮ ಸಚಿವಾಲಯದ ಮೂಲಪುರುಷರೆಂದರೆ ಸುಂಕದ ಕಚೇರಿಯ ಹಿಂದೆ ಎರಡು ಕೋಣೆ, ಒಬ್ಬ ವೈದ್ಯ, ಒಬ್ಬ ಗುಮಾಸ್ತ, ಒಂದು ಹಳದಿ ಬಾವುಟ. ಹಡಗಿನಲ್ಲಿ ರೋಗಿಗಳಿದ್ದರೆ ಬಾವುಟ ಏರಿಸಿ ಯಾರನ್ನೂ ದಡಕ್ಕೆ ಬಿಡದಂತೆ ತಡೆಯುವುದು ಅವರ ಕೆಲಸ. ಅಂದರೆ ನಾವು ಹುಟ್ಟಿದ್ದೇ ಕಾಯಿಲೆಯವರನ್ನು ಒಳಗೆ ಬಿಟ್ಟುಕೊಳ್ಳದೇ ಇರುವುದಕ್ಕೆ. ತರಗತಿಯಲ್ಲಿ ಇಲ್ಲಿಗೆ ಎಲ್ಲರೂ ನಗುತ್ತಿದ್ದರು. ಆಮೇಲೆ ಊರಿನ ಚರಂಡಿ ನೋಡಿಕೊಳ್ಳುವ ಇಲಾಖೆಯ ಮೂಲೆಯಲ್ಲಿ ನಮಗೊಂದು ಮೇಜು ಸಿಕ್ಕಿತು. ಆಮೇಲೆ ದೊಡ್ಡ ಪಿಡುಗು ಬಂತು, ಸ್ಮಶಾನದಲ್ಲಿ ಜಾಗ ಸಾಲದೆ ಹೋಯಿತು, ಆಗ ಸರ್ಕಾರಕ್ಕೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಸತ್ತವರ ಪುಣ್ಯದಿಂದ ನಮಗೆ ಸ್ವಂತ ಸಚಿವರು, ಸ್ವಂತ ಕಟ್ಟಡ, ಸ್ವಂತ ಲಾಂಛನ ಎಲ್ಲವೂ ಬಂದವು.

ನಂತರದ ಕಥೆಯೆಲ್ಲ ಸಂಸಾರ ಬೆಳೆದ ಕಥೆ. ರೋಗ ತಡೆಯುವವರು ಒಂದು ಕಡೆ, ವಾಸಿ ಮಾಡುವವರು ಒಂದು ಕಡೆ, ತಾಯಿ ಮಕ್ಕಳದು ಒಂದು, ಔಷಧದ್ದು ಒಂದು. ಕಾರ್ಯದರ್ಶಿ, ಹೆಚ್ಚುವರಿ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಉಪ, ಅಧೀನ. ಜಂಟಿ ಕಾರ್ಯದರ್ಶಿ ಯಾರ ಜೊತೆ ಜಂಟಿ ಸಾರ್ ಎಂದು ಒಬ್ಬ ತರಲೆ ಹುಡುಗ ಕೇಳಿದ್ದ. ಉತ್ತರ ನನಗೆ ಆಗಲೂ ಗೊತ್ತಿರಲಿಲ್ಲ. ಆದರೂ ಆ ನಕ್ಷೆಯ ಮೇಲೆ ನನಗೆ ಅಭಿಮಾನವಿತ್ತು, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ದೇಶದ ಯಾವ ಮೂಲೆಯಲ್ಲಿ ಯಾವ ಮಗು ಕೆಮ್ಮಿದರೂ ಈ ನಕ್ಷೆಯಲ್ಲಿ ಅದಕ್ಕೊಂದು ಜಾಗವಿದೆ ಎಂದು ನಾನು ಹೇಳುತ್ತಿದ್ದೆ, ಹಾಗೆಂದು ನಂಬಿಯೂ ಇದ್ದೆ.

ಈಗ ಸಚಿವಾಲಯ ಪಾಲಾದ ವಿಷಯಕ್ಕೆ ಬರೋಣ. ಒಂದು ಸರ್ಕಾರ ಬಂತು, ಅದರಲ್ಲಿ ಎರಡು ಪಕ್ಷಗಳಿದ್ದವು, ಇಬ್ಬರು ಹಿರಿಯರಿಗೂ ಆರೋಗ್ಯವೇ ಬೇಕಾಗಿತ್ತು. ಜನರ ಆರೋಗ್ಯದ ಬಗ್ಗೆ ಅಷ್ಟು ಪೈಪೋಟಿ ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ನಮ್ಮ ಸಚಿವಾಲಯವನ್ನು ಕತ್ತರಿಸಿ, ಒಂದು ತುಂಡಿಗೆ ಕಲ್ಯಾಣ ಸಚಿವಾಲಯ ಎಂದು ಹೆಸರಿಟ್ಟು ಇನ್ನೊಬ್ಬರ ಕೈಗೆ ಕೊಟ್ಟರು. ಏನು ಯಾರಿಗೆ ಎಂದು ತೀರ್ಮಾನಿಸಲು ಎರಡೂ ಕಡೆಯ ಅಧಿಕಾರಿಗಳು ಒಂದು ಸಂಜೆ ಕೂತರು, ಅಣ್ಣ ತಮ್ಮಂದಿರು ಪಾತ್ರೆ ಹಂಚಿಕೊಂಡ ಹಾಗೆ ಮನುಷ್ಯನ ಮೈಯನ್ನು ಹಂಚಿಕೊಂಡರು. ಕಣ್ಣುಬೇನೆ ಆರೋಗ್ಯಕ್ಕೆ, ಕುರುಡು ಕಲ್ಯಾಣಕ್ಕೆ. ಮುರಿದ ಕಾಲು ಆರೋಗ್ಯಕ್ಕೆ, ಕುಂಟು ಕಲ್ಯಾಣಕ್ಕೆ. ಕಿವಿ ಸೋರಿದರೆ ಆರೋಗ್ಯ, ಕೇಳಿಸದಿದ್ದರೆ ಕಲ್ಯಾಣ. ಆದರೆ ಜ್ವರವೋ ಸೋಂಕೋ ಬಂದು ಕಿವಿ ಹೋಗಿದ್ದರೆ ಅದು ಕಾಯಿಲೆಯ ಫಲ, ಆದ್ದರಿಂದ ಅದು ಆರೋಗ್ಯದ್ದೇ. ಹುಟ್ಟಿನಿಂದಲೇ ಕೇಳಿಸದಿದ್ದರೆ ಅದು ಕಾಯಿಲೆ ಅಲ್ಲ, ಕೊರತೆ. ಕೊರತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಹೊಸಬರಿಗೆ ಇದೆಲ್ಲ ನೆನಪಿರಬೇಕಲ್ಲ, ಅದಕ್ಕೆ ಪಡಸಾಲೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು: ಕಿವಿ ನಮ್ಮದು, ಕೇಳುವುದು ಅವರದು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಪರೀಕ್ಷೆಗೆ ಓದುವ ಹುಡುಗರಿಗೆ ಅದು ಬಾಯಿಪಾಠ. ಸಚಿವಾಲಯ ಎರಡಾದರೂ ಕಟ್ಟಡ ಎರಡಾಗಲಿಲ್ಲ. ಪಡಸಾಲೆಯ ನಡುವೆ ಒಂದು ಹಲಗೆಯ ಗೋಡೆ ಎದ್ದಿತು. ಕುಡಿಯುವ ನೀರು ಅವರ ಕಡೆಗೆ ಹೋಯಿತು, ಪಾಯಿಖಾನೆ ನಮ್ಮ ಕಡೆ ಉಳಿಯಿತು. ನಾವು ಕುಡಿಯಲು ಅತ್ತ ಹೋಗುತ್ತಿದ್ದೆವು, ಅವರು ಇನ್ನೊಂದಕ್ಕೆ ಇತ್ತ ಬರುತ್ತಿದ್ದರು. ಆ ಒಂದು ವಿಷಯದಲ್ಲಿ ಮಾತ್ರ ಎರಡು ಸಚಿವಾಲಯಗಳ ಸಮನ್ವಯ ಯಾವತ್ತೂ ತಪ್ಪಲಿಲ್ಲ. ಉಳಿದದ್ದಕ್ಕೆಲ್ಲ ಒಂದು ಜಂಟಿ ಸಮಿತಿ ಎಂದು ಮಾಡಿದ್ದರು. ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಯಾವ ಕಡೆಯವರು ಕೂರಬೇಕು ಎಂಬುದು ತೀರ್ಮಾನವಾಗದೆ ಅದು ಈವರೆಗೆ ಸಭೆಯನ್ನೇ ಸೇರಿಲ್ಲ ಎಂದು ಕೇಳಿದ್ದೇನೆ. ನಿಜವೇ?

ನನ್ನ ಮಗಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಮಗಳನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ, ಅಥವಾ ಕರೆಯುತ್ತಿದ್ದೇವೆಂದು ಅಂದುಕೊಂಡಿದ್ದೆವು. ಮೊದಲು ಅನುಮಾನ ಬಂದಿದ್ದು ನಮ್ಮಾಕೆಗೆ. ಒಂದು ದಿನ ಅಡುಗೆಮನೆಯ ಕಪಾಟಿನಿಂದ ಪಾತ್ರೆಗಳ ಗೋಪುರವೇ ಉರುಳಿಬಿತ್ತು. ಪಕ್ಕದ ಮನೆಯವರು ಏನಾಯ್ತು ಎಂದು ಓಡಿ ಬಂದರು. ಗುಬ್ಬಿ ಪಕ್ಕದಲ್ಲೇ ಕೂತು ಚಮಚದಿಂದ ನೆಲಕ್ಕೆ ಗೀಚುತ್ತಿದ್ದಳು, ತಲೆ ಎತ್ತಲಿಲ್ಲ. ಮಗುವಿಗೆ ಆಟದ ಮೇಲೆ ಎಂಥ ಏಕಾಗ್ರತೆ ಎಂದು ನಾನು ಹೆಮ್ಮೆಪಟ್ಟೆ. ನಮ್ಮಾಕೆ ನನ್ನ ಮುಖವನ್ನೇ ನೋಡಿದಳು, ಒಳಗೆ ಹೋಗಿ ಅತ್ತಳು.

ತಮ್ಮ ಆಸ್ಪತ್ರೆಯ ಕಿವಿ ವೈದ್ಯೆಯ ಬಗ್ಗೆ ಒಂದು ಕೆಟ್ಟ ಮಾತೂ ಹೇಳಲಾರೆ. ಪರೀಕ್ಷೆ ಮಾಡಿದರು, ಮಗಳನ್ನು ಹತ್ತಿರ ಕೂರಿಸಿಕೊಂಡು ಸಮಾಧಾನವಾಗಿ ತಿಳಿಸಿದರು. ಹುಟ್ಟಿನಿಂದಲೇ ಎರಡೂ ಕಿವಿ ಕೇಳುತ್ತಿಲ್ಲ, ಹೊರಗಿನಿಂದ ಹಾಕುವ ಯಂತ್ರದಿಂದ ಪ್ರಯೋಜನವಿಲ್ಲ, ಕಿವಿಯೊಳಗೆ ಸಾಧನ ಕೂರಿಸಿದರೆ ಕೇಳಿಸುತ್ತದೆ, ಮಾತೂ ಬರುತ್ತದೆ, ಆದರೆ ಬೇಗ ಆಗಬೇಕು ಎಂದರು. ಮೆದುಳು ಶಬ್ದವನ್ನು ಕಲಿಯುವ ವಯಸ್ಸು ಒಂದಿದೆಯಂತೆ, ಅದು ದಾಟಿದರೆ ಕಿವಿ ತೆರೆದರೂ ಮಾತು ಅರ್ಥವಾಗುವುದು ಕಷ್ಟವಂತೆ. ಮಂಜೂರಾತಿಗೆ ಸಚಿವಾಲಯಕ್ಕೆ ಹೋಗಿ ಎಂದರು. ಮಗಳು ಗಾಬರಿಯಾಗಿದ್ದಳು. ನಾನು ಎದೆ ಸೆಟೆಸಿಕೊಂಡು, ಅದು ನಮ್ಮ ಮನೆ ಇದ್ದ ಹಾಗೆ, ನಾನಿದ್ದೇನೆ ನಡಿ ಎಂದೆ.

ಕೆಳಮಹಡಿಯ ಆ ಮಂಜೂರಾತಿ ಕೋಣೆಯನ್ನು ತಾವು ಇತ್ತೀಚೆಗೆ ನೋಡಿರಲಾರಿರಿ. ಒಂದೇ ಕಿಟಕಿ, ಎದುರಿಗೆ ಎರಡು ಬೆಂಚು, ಗೋಡೆಗೆ ತಲೆ ಆನಿಸಿ ಆನಿಸಿ ಬಣ್ಣ ಎಣ್ಣೆಗಪ್ಪಾಗಿದೆ. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕಂಡಕ್ಟರ್ ಸಮವಸ್ತ್ರದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಕೂತಿದ್ದರು. ಕೆಲಸದಿಂದ ನೇರವಾಗಿ ಬಂದಿದ್ದರು, ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವರ ಮಗಳು ನಮ್ಮ ಗುಬ್ಬಿಗಿಂತ ದೊಡ್ಡವಳು. ಎರಡು ಮಕ್ಕಳೂ ಒಂದು ಶಬ್ದವಿಲ್ಲದೆ ಆಟಕ್ಕೆ ಬಿದ್ದವು. ಒಬ್ಬಳು ಕಣ್ಣು ಮುಚ್ಚಿಕೊಂಡರೆ ಇನ್ನೊಬ್ಬಳು ಮೂಗು ಹಿಡಿಯುವುದು, ಅದೇ ಆಟ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಸದ್ದಿಲ್ಲದ ಮಕ್ಕಳನ್ನು ಯಾರೂ ನೋಡಿರಲಾರರು ಎಂದು ಆಕೆ ನಗಾಡಿದರು. ಬಸ್ಸಿನಲ್ಲಿ ದಿನವಿಡೀ ಕಿರುಚಿ ಕಿರುಚಿ ಮನೆಗೆ ಹೋದರೆ ಅಲ್ಲಿ ಬಾಯಿಗೆ ಕೆಲಸವೇ ಇಲ್ಲ ಅಂದರು. ನಕ್ಕಿದ್ದು ಆಕೆ, ನಮಗೆ ನಗಲು ಧೈರ್ಯ ಬರಲಿಲ್ಲ.

ಆಕೆಯ ಸರದಿ ಬಂತು. ಕಿಟಕಿಯ ಗುಮಾಸ್ತರು ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು.

“ಹುಟ್ಟಿನಿಂದಲೇನಾ?”

ಆ ಪ್ರಶ್ನೆಯ ಬೆಲೆ ಆ ಕೋಣೆಯಲ್ಲಿ ನನಗೆ ಮತ್ತು ಗುಮಾಸ್ತರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೌದು ಅಂದರೆ ಮಗು ಗೋಡೆಯ ಆಚೆಗೆ, ಇಲ್ಲ ಅಂದರೆ ಈಚೆಗೆ. ಆಚೆಯ ಸಚಿವಾಲಯದಲ್ಲಿ ಕಿವುಡು ಮಕ್ಕಳ ಬಗ್ಗೆ ಎಲ್ಲ ಅಧಿಕಾರವೂ ಇದೆ, ಆದರೆ ಒಂದು ಆಸ್ಪತ್ರೆಯಿಲ್ಲ, ಒಬ್ಬ ಶಸ್ತ್ರವೈದ್ಯರಿಲ್ಲ. ಅವರು ನಮಗೆ ಬರೆಯಬೇಕು, ನಾವು ಜಂಟಿ ಸಮಿತಿಗೆ ಕಳಿಸಬೇಕು, ಸಮಿತಿ ಕುರ್ಚಿ ಹುಡುಕುತ್ತಿರುತ್ತದೆ. ಇದೆಲ್ಲ ನನ್ನ ಕಣ್ಣಮುಂದೆ ನಕ್ಷೆಯ ಹಾಗೆ ಬಂದು ನಿಂತಿತು. ನಾನು ಒಂದು ಸಲ ಕೆಮ್ಮಬಹುದಿತ್ತು. ತಾಯಿ, ಒಂದು ನಿಮಿಷ ಬನ್ನಿ ಇಲ್ಲಿ ಎಂದು ಕರೆಯಬಹುದಿತ್ತು. ಕರೆದರೆ ಗುಮಾಸ್ತರಿಗೆ ಸಂಶಯ ಬರಬಹುದು, ಆಮೇಲೆ ನಮ್ಮ ಕೆಲಸ ಕೆಡಬಹುದು ಎಂದು ಲೆಕ್ಕ ಹಾಕಿ ಬಾಯಿ ಹೊಲಿದುಕೊಂಡು ಕೂತೆ.

“ಹೂಂ ಸಾರ್, ಹುಟ್ದಾಗಿಂದ್ಲೂ,” ಎಂದರು ಆಕೆ. ಸ್ಪಷ್ಟವಾಗಿ, ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವ ಹಾಗೆ.

ಮುದ್ರೆ ಬಿತ್ತು. ಗುಮಾಸ್ತರು ಆಚೆ ಕಡೆ ಹೋಗಿ ಎಂದು ಬೆರಳು ತೋರಿಸಿದರು. ಆಕೆ ಯಾಕೆ ಎಂದು ಕೇಳಿದರು. ಆಗ ಅವರು ಹೇಳಿದ್ದೇನು ಗೊತ್ತೇ? ಕಿವಿ ನಮ್ಮದಮ್ಮಾ, ಕೇಳುವುದು ಅವರದು. ತಮಾಷೆ ಮಾಡುತ್ತಿರಲಿಲ್ಲ, ದನಿಯಲ್ಲಿ ನಗುವಿರಲಿಲ್ಲ. ಆ ಮಾತು ಒಂದು ಕಾಲದಲ್ಲಿ ಕುಚೋದ್ಯವಾಗಿತ್ತು ಎಂಬುದು ಅವರಿಗೆ ಮರೆತೇ ಹೋಗಿದೆ, ಅದನ್ನು ಅವರು ಕಾನೂನು ಎಂದೇ ನಂಬಿ ಹೇಳುತ್ತಿದ್ದಾರೆ. ತನ್ನದೇ ಹಾಸ್ಯವನ್ನು ನಿಯಮವೆಂದು ಜಾರಿಗೆ ತಂದ ಕಚೇರಿ ಇನ್ನೊಂದು ಎಲ್ಲಾದರೂ ಇದೆಯೇ? ಆಕೆ ಆ ಮಾತನ್ನು ಎರಡು ಸಲ ಬಾಯಲ್ಲೇ ಹೇಳಿಕೊಂಡು, ಅರ್ಥವಾಗದೆ, ಮಗಳ ಕೈ ಹಿಡಿದು ಹಲಗೆಯ ಗೋಡೆ ಸುತ್ತಿಕೊಂಡು ಆಚೆ ಹೋದರು.

ನಮ್ಮ ಸರದಿಗೆ ಗುಮಾಸ್ತರು ತಲೆ ಎತ್ತಿದರು, ನನ್ನನ್ನು ಕಂಡು ಎದ್ದೇ ನಿಂತರು. ಅವರೂ ನನ್ನ ಶಿಷ್ಯರೇ. ಮೇಷ್ಟ್ರೇ, ನೀವು ಯಾಕೆ ಸಾಲಿನಲ್ಲಿ ನಿಂತಿರಿ, ಹೇಳಿ ಕಳಿಸಿದ್ದರೆ ಆಗುತ್ತಿತ್ತಲ್ಲ ಎಂದರು. ಕುರ್ಚಿ ಹಾಕಿಸಿದರು. ಗುಬ್ಬಿಯ ಕೆನ್ನೆ ಹಿಂಡಿದರು. ಹುಟ್ಟಿನಿಂದಲೇ ಎಂದು ಬರೆದಿದ್ದ ವೈದ್ಯೆಯ ಚೀಟಿಯನ್ನು ಓದಿದವರು ಅದನ್ನು ಕಡತಕ್ಕೆ ಸೇರಿಸದೆ ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. ನನಗೆ ಅರ್ಥವಾಯಿತು. ಕಂಡಕ್ಟರ್ ತಾಯಿಗೆ ಕೇಳಿದ ಪ್ರಶ್ನೆಯನ್ನು ನನಗೆ ಕೇಳಲಿಲ್ಲ. ನನಗೆ ಬೇರೆ ಪ್ರಶ್ನೆ ಕೇಳಿದರು, ಬಹಳ ಮೃದುವಾಗಿ.

“ಮಗೂಗೆ ಜ್ವರ ಬಂದಿತ್ತು, ಅಲ್ವಾ ಸಾರ್?”

ಜ್ವರ ಬರದ ಮಗು ಯಾವುದಿದೆ? ಗುಬ್ಬಿಗೆ ಹಲ್ಲು ಬರುವಾಗ ಮೈ ಬಿಸಿಯಾಗಿತ್ತು, ಮರುದಿನ ಇಳಿದಿತ್ತು. ಮಗಳು ನನ್ನ ಕಡೆ ತಿರುಗಿದಳು. ಅಪ್ಪಾ, ಇದೇನಿದು ಎನ್ನುವ ಹಾಗಿತ್ತು ಆ ನೋಟ. ಅವಳು ಬಾಯಿ ತೆರೆಯುವ ಮೊದಲೇ ನಾನು, ಬಂದಿತ್ತು, ಜೋರು ಜ್ವರ, ಆಮೇಲೆಯೇ ಕಿವಿ ಹೋಯಿತು ಎಂದು ಹೇಳಿ ಮುಗಿಸಿದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಗುಮಾಸ್ತರ ಮೇಲೆ ದಯವಿಟ್ಟು ತಪ್ಪು ಹೊರಿಸಬೇಡಿ. ಅವರು ಕೇಳಿದ್ದು ಪ್ರಶ್ನೆ, ಸುಳ್ಳು ಹೇಳಿದ್ದು ನಾನು. ಹೇಳಿ ತಿರುಗಿದರೆ ಬಾಗಿಲಲ್ಲಿ ಕಂಡಕ್ಟರ್ ತಾಯಿ ನಿಂತಿದ್ದರು. ಆಚೆಯವರು ಏನೋ ಮುದ್ರೆ ಬಿಟ್ಟುಹೋಗಿದೆ ಎಂದು ವಾಪಸ್ ಕಳಿಸಿದ್ದರಂತೆ.

ಅರ್ಜಿಗೆ ಸಹಿ ಹಾಕಬೇಕಾದವಳು ತಾಯಿ. ‘ಜ್ವರ ಬಂದಾಗ ಸಕಾಲಕ್ಕೆ ಚಿಕಿತ್ಸೆ ಕೊಡಿಸದ ಕಾರಣ’ ಎಂದು ಅದರಲ್ಲಿ ಸಿದ್ಧವಾಗಿ ಅಚ್ಚಾದ ಒಂದು ಸಾಲಿದೆ. ತಮ್ಮ ಸಚಿವಾಲಯದ ಪ್ರಕಾರ ಮಗುವಿನ ಕಿವಿ ಜ್ವರದಿಂದ ಹೋದರೆ ತಪ್ಪು ತಾಯಿಯದೇ ಇರಬೇಕು. ಆ ಸಾಲಿನ ಕೆಳಗೆ ನನ್ನ ಮಗಳು ಸಹಿ ಹಾಕಿದಳು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ವಾರ್ಡಿನಲ್ಲಿ ಒಬ್ಬ ಎಳೆಯ ವೈದ್ಯ ಅದನ್ನು ಓದಿ, ಜ್ವರ ಇಟ್ಟುಕೊಂಡು ಸುಮ್ಮನೆ ಕೂತಿದ್ದಿರಾ, ನೀವೆಂಥ ತಾಯಿ ಎಂದು ಎಲ್ಲರೆದುರು ಗದರಿದ. ಮಗುವಿಗೆ ಸ್ವಲ್ಪ ಮೈ ಬೆಚ್ಚಗಾದರೂ ರಾತ್ರಿಯೆಲ್ಲ ಕೂತು ಒದ್ದೆಬಟ್ಟೆ ಹಾಕುವವಳು ನನ್ನ ಮಗಳು. ತಪ್ಪಾಯ್ತು ಡಾಕ್ಟ್ರೇ ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವತ್ತು ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಗಾಯ ಮಾದ ಮೇಲೆ ಕಿವಿಯ ಹಿಂದೆ ಹೊರಗಿನ ತುಣುಕನ್ನು ಅಂಟಿಸಿ ಯಂತ್ರ ಚಾಲೂ ಮಾಡಿದರು. ಮಗು ನಗುತ್ತದೆ ಎಂದು ನಾವೆಲ್ಲ ಮುಖ ಅರಳಿಸಿಕೊಂಡು ಕಾಯುತ್ತಿದ್ದರೆ ಗುಬ್ಬಿ ಹೆದರಿ ಕಿಟಾರನೆ ಕಿರುಚಿದಳು. ಕಿರುಚಿದ್ದು ತನಗೇ ಕೇಳಿಸಿ ಇನ್ನಷ್ಟು ಹೆದರಿದಳು. ಈಗ ಅವಳನ್ನು ಹಿಡಿಯುವವರಿಲ್ಲ. ಎಲ್ಲದಕ್ಕೂ ಚಮಚದಿಂದ ಬಡಿದು ಅದು ಏನನ್ನುತ್ತದೆ ಎಂದು ಕೇಳುತ್ತಾಳೆ, ನನ್ನ ತಲೆಯನ್ನೂ ಬಿಟ್ಟಿಲ್ಲ. ಅಜ್ಜಿಗೆ ‘ಅಜ’ ಅನ್ನುತ್ತಾಳೆ. ನನಗೂ ‘ಅಜ’ ಅನ್ನುತ್ತಾಳೆ. ಯಾರನ್ನು ಕರೆದಿದ್ದು ಎಂದು ನಮ್ಮಿಬ್ಬರಲ್ಲಿ ದಿನವೂ ಜಗಳ. ಆ ಸುಖವನ್ನು ನಾನು ನಾಚಿಕೆಯಿಲ್ಲದೆ ಅನುಭವಿಸಿದೆ ಎಂದೂ ಹೇಳಿಬಿಡಬೇಕು. ಹಲವು ವಾರ ಆ ಕಂಡಕ್ಟರ್ ತಾಯಿ ನನ್ನ ನೆನಪಿಗೇ ಬರಲಿಲ್ಲ.

ನೆನಪು ಮಾಡಿಕೊಟ್ಟಿದ್ದು ಅವರೇ. ಗುಬ್ಬಿಯನ್ನು ಮಾತಿನ ತರಬೇತಿಗೆ ಕರೆದುಕೊಂಡು ಹೋಗುವಾಗ ಒಂದು ದಿನ ಹತ್ತಿದ ಬಸ್ಸು ಅವರದಾಗಿತ್ತು. ನನ್ನ ಕಾಲು ಹಿಂದಕ್ಕೇ ಹೋಯಿತು, ಆದರೆ ಬಸ್ಸು ಹೊರಟಾಗಿತ್ತು. ಆಕೆ ಗುರುತು ಹಿಡಿದರು. ಗುಬ್ಬಿಯ ಕಿವಿಯ ಹಿಂದಿನ ತುಣುಕನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಕೇಳಿಸುತ್ತಾ ಎಂದು ವಿಚಾರಿಸಿದರು. ಕೇಳಿಸುತ್ತದೆ ಎಂದು ಹೇಳಿದಾಗ ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು, ಅದನ್ನು ನೋಡಲಾಗಲಿಲ್ಲ. ನಿಲ್ದಾಣಗಳಲ್ಲಿ ಜನ ಹತ್ತಿಸಿ ಇಳಿಸಿ, ಮುಂದಿನ ನಿಲ್ದಾಣ ಕೂಗಿ, ಸ್ವಲ್ಪ ಪುರುಸೊತ್ತಾದಾಗ ಮತ್ತೆ ನಮ್ಮ ಸೀಟಿನ ಹತ್ತಿರ ಬಂದು ಬಗ್ಗಿದರು. ಅಷ್ಟು ದೊಡ್ಡ ಗಂಟಲಿನ ಹೆಂಗಸು ಪಿಸುಮಾತಿನಲ್ಲಿ ಕೇಳಿದರು.

“ಯಜಮಾನ್ರೇ, ನಮ್ ಹುಡ್ಗೀಗೂ ಒಂದ್ಸಲ ಜ್ವರ ಬಂದಿತ್ತು. ಈಗ್ಲಾದ್ರೂ ಹೇಳಿದ್ರೆ ಆಗುತ್ತಾ?”

ಮಾನ್ಯರೇ, ಆಗುವುದಿಲ್ಲ. ಒಮ್ಮೆ ಕೊಟ್ಟ ಹೇಳಿಕೆಯನ್ನು ಬದಲಿಸಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ, ಅರ್ಜಿಯೇ ವಜಾ ಆಗುತ್ತದೆ. ಆ ನಿಯಮವೂ ನನ್ನ ಪಾಠದಲ್ಲಿತ್ತು. ಮೊದಲೇ ಸುಳ್ಳು ಹೇಳಿದವನಿಗೆ ತೊಂದರೆಯಿಲ್ಲ, ನಿಜ ಹೇಳಿ ಆಮೇಲೆ ಬುದ್ಧಿ ಕಲಿತವಳಿಗೆ ಮಾತ್ರ ಶಿಕ್ಷೆ. ಇದನ್ನು ಅವರಿಗೆ ಯಾವ ಬಾಯಲ್ಲಿ ಹೇಳಲಿ? ವಿಚಾರಿಸಿ ನೋಡುತ್ತೇನೆ ಎಂದೆ. ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದಾಗಲೇ ಬರುವ ತಿಂಗಳ ಕೊನೆಗೆ ಐದು ತುಂಬುವ ವಿಷಯ ತಿಳಿದಿದ್ದು. ನಮ್ಮ ನಿಲ್ದಾಣ ಬರುವ ಮೊದಲೇ ಇಳಿದುಬಿಟ್ಟೆ.

ಗುಮಾಸ್ತರ ಹತ್ತಿರ ಹೋದೆ, ಅವರು ಕೈಚೆಲ್ಲಿದರು. ಗೋಡೆಯಾಚೆ ಹೋದೆ, ಅವರು ಮತ್ತೆ ಈಚೆಗೇ ಬೆರಳು ತೋರಿಸಿದರು. ಆಮೇಲೆ ತಮ್ಮಲ್ಲಿಗೇ ಬಂದೆ. ತಾವು ಎದ್ದು ಬಂದು ಕೈ ಹಿಡಿದು ಕೂರಿಸಿದಿರಿ. ಚಹಾ ತರಿಸಿದಿರಿ. ಬಂದರಿನ ಎರಡು ಕೋಣೆಯ ಪಾಠವನ್ನು ನೆನೆದು ನಕ್ಕಿರಿ. ನಾನು ಕಂಡಕ್ಟರ್ ಮಗಳ ವಿಷಯ ಎತ್ತಿದಾಗ ಬಹಳ ಗಂಭೀರವಾಗಿ ಕೇಳಿಸಿಕೊಂಡಿರಿ, ಜಂಟಿ ಸಮಿತಿ ಸೇರಿದ ಕೂಡಲೇ ಮೊದಲ ವಿಷಯವಾಗಿ ತೆಗೆದುಕೊಳ್ಳುತ್ತೇವೆ ಎಂದಿರಿ. ಬಾಗಿಲವರೆಗೂ ಬಂದು ಬೀಳ್ಕೊಡುವಾಗ ನನ್ನ ಭುಜದ ಮೇಲೆ ಕೈ ಹಾಕಿ ಒಂದು ಮಾತು ಹೇಳಿದಿರಿ: “ನೀವ್ಯಾಕೆ ತಲೆ ಕೆಡಿಸ್ಕೋತೀರಾ ಸಾರ್, ನಿಮ್ಮ ಮೊಮ್ಮಗಳದ್ದು ಆಯ್ತಲ್ಲ.”

ಪ್ರೀತಿಯಿಂದಲೇ ಹೇಳಿದಿರಿ, ಅದರಲ್ಲಿ ನನಗೆ ಸಂಶಯವಿಲ್ಲ. ನನಗೆ ಮುಖಕ್ಕೆ ಹೊಡೆದ ಹಾಗಾಯಿತು, ಏಕೆಂದರೆ ಬಸ್ಸಿನಿಂದ ಇಳಿದು ಓಡಿದ ದಿನ ನಾನೂ ಮನಸ್ಸಿನಲ್ಲಿ ಅದನ್ನೇ ಹೇಳಿಕೊಂಡಿದ್ದೆ. ನಮ್ಮ ಮಾತಿನಲ್ಲಿ ಜಾಣಕಿವುಡು ಎಂಬ ಒಂದು ಪದವಿದೆ. ಕೇಳಿಸಿದರೂ ಕೇಳಿಸದ ಹಾಗಿರುವುದು. ಅದು ಯಾವ ಸಚಿವಾಲಯದ ವ್ಯಾಪ್ತಿಗೆ ಬರುತ್ತದೆ, ದಯವಿಟ್ಟು ತಿಳಿಸಿ. ತಮಗೆ ಅದು ಹುಟ್ಟಿನಿಂದ ಇರಲಿಲ್ಲ ಎಂದು ನಾನು ಸಾಕ್ಷಿ ಹೇಳಬಲ್ಲೆ, ತರಗತಿಯಲ್ಲಿ ತಾವು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಿರಿ. ಆ ಕುರ್ಚಿಗೆ ಬಂದ ಮೇಲೆ ಯಾವ ಜ್ವರ ಬಂದು ಹೋಯಿತು? ಅದು ಜ್ವರದಿಂದ ಬಂದದ್ದಾದರೆ ವಾಸಿ ಮಾಡುವ ಹೊಣೆ ಆರೋಗ್ಯ ಸಚಿವಾಲಯದ್ದೇ ಎಂಬುದನ್ನೂ ನೆನಪಿಸುತ್ತೇನೆ.

ಸಮಿತಿ ಬೇಕಾಗಿಲ್ಲ. ಇತಿಹಾಸ ಪಾಠ ಮಾಡಿದವನ ಮಾತು ಸ್ವಲ್ಪ ಕೇಳಿ. ಇಬ್ಬರು ಹಿರಿಯರ ಮನಸ್ತಾಪ ತೀರಿಸಲು ಮನುಷ್ಯನ ಮೈಯನ್ನೇ ಒಂದು ಸಂಜೆಯಲ್ಲಿ ಪಾಲು ಮಾಡಿದ ಸಚಿವಾಲಯ ಇದು. ಒಂದು ಮಗುವಿನ ಎರಡು ಕಿವಿಗಳನ್ನು ಒಟ್ಟಿಗೆ ಸೇರಿಸಲು ಒಂದು ಸಂಜೆ ಸಾಲದೇ? ವಿಷಯ ವರ್ಗಾವಣೆಗೆ ಸಚಿವರ ಒಂದು ಸಹಿ ಸಾಕು, ಆ ಸಹಿಗೆ ಟಿಪ್ಪಣಿ ಬರೆಯಬೇಕಾದವರು ತಾವು. ಹುಟ್ಟಿನಿಂದ ಬಂದ ಕಿವುಡಿಗೂ ಶಸ್ತ್ರಚಿಕಿತ್ಸೆ ನಮ್ಮದೇ ಎಂದು ಬರೆದರೆ ಮುಗಿಯಿತು. ಹೇಗೆ ಬರೆಯಬೇಕು ಎಂದು ತಮಗೆ ಚೆನ್ನಾಗಿ ಗೊತ್ತು, ನನ್ನ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ತಾವು ತೆಗೆದುಕೊಂಡ ಅಂಕ ಆ ವರ್ಷದ ಅತಿ ಹೆಚ್ಚಿನದು.

ಇನ್ನು ನನ್ನ ವಿಷಯ. ನನ್ನ ಹೇಳಿಕೆ ಸುಳ್ಳು ಎಂದು ಈ ಮೂಲಕ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಏನು ಕ್ರಮ ತೆಗೆದುಕೊಳ್ಳಬೇಕೋ ನನ್ನ ಮೇಲೆ ತೆಗೆದುಕೊಳ್ಳಿ, ಬಾಗಿಲು ತೆರೆದೇ ಇಟ್ಟುಕೊಂಡು ಕೂತಿರುತ್ತೇನೆ. ಆದರೆ ನನ್ನ ಮಗಳ ಸಹಿಯ ಮೇಲಿರುವ ಆ ಸಾಲನ್ನು ಹೊಡೆದುಹಾಕಿ. ಅವಳು ಮಗುವನ್ನು ಅಲಕ್ಷ್ಯ ಮಾಡಿದವಳಲ್ಲ. ಈ ಪತ್ರವನ್ನು ಕಳಿಸುವ ಮೊದಲು ಅವಳಿಗೆ ಓದಲು ಕೊಟ್ಟೆ. ಓದಿ ಮುಗಿಸಿ, ಗುಬ್ಬಿಯ ಯಂತ್ರ ಕಿತ್ತುಕೊಂಡರೆ ಏನು ಮಾಡೋದು ಅಪ್ಪಾ ಎಂದಳು. ಆಮೇಲೆ ಪತ್ರವನ್ನು ಮಡಚಿ ನನ್ನ ಕೈಗಿಟ್ಟು ಅವಳೇ, ಕಳಿಸು ಎಂದಳು.

ಕಂಡಕ್ಟರ್ ತಾಯಿಯನ್ನೂ ಕೇಳದೆ ಬರೆಯುವುದು ತಪ್ಪೆಂದು, ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಂತಿದ್ದಾಗ ಹೋಗಿ ಮಾತಾಡಿದೆ. ಜ್ವರದ ಸುಳ್ಳಿನಿಂದ ಹಿಡಿದು ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂತದ್ದರವರೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ, ಬೈಯಬೇಕಿತ್ತು. ಆಕೆ ಖಾಲಿ ಸೀಟಿನಲ್ಲಿ ಕೂತು ಚೀಲದ ಪಟ್ಟಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಮನೆಯಲ್ಲಿ ಅತ್ತೆಯವರು ಒಂದು ಜ್ವರ ಬಂತು ಅನ್ನೋಕೆ ನಿನ್ನ ನಾಲಿಗೆಗೇನು ದಾಡಿಯಾಗಿತ್ತು ಎಂದು ಈಗಲೂ ಕೇಳುತ್ತಾರಂತೆ, ಗಂಡ ಮಾತು ಬಿಟ್ಟಿದ್ದಾನಂತೆ. ಬರೆಯಿರಿ, ನಮ್ಮ ಹುಡುಗಿಗೆ ಒಳ್ಳೇದಾಗುವುದಾದರೆ ಏನು ಬೇಕಾದರೂ ಬರೆಯಿರಿ ಅಂದರು. ನಾನು ಎದ್ದು ಹೊರಟಾಗ ಹಿಂದಿನಿಂದ ಕರೆದರು.

“ನಾನು ನಿಜ ಹೇಳ್ದೆ ಅಂತ ಮಾತ್ರ ಬರೀಬೇಡಿ ಯಜಮಾನ್ರೇ. ಓದಿದೋರು ದಡ್ಡಿ ಅಂತಾರೆ, ನಾಚ್ಕೆ ಆಗುತ್ತೆ.”

ಅವರ ಮಾತನ್ನು ಮೀರಿ ಬರೆದಿದ್ದೇನೆ. ಕೇಳಿ ಮಾನ್ಯರೇ, ನಾಚಿಕೆ ಅವರಿಗೆ ಆಗುತ್ತಿದೆಯಂತೆ. ಸುಳ್ಳು ಹೇಳಿದ ನನಗೆ ಕುರ್ಚಿ ಹಾಕಿಸಿದಿರಿ, ಚಹಾ ಕೊಟ್ಟಿರಿ, ಅವರಿಗೆ ಮಾತ್ರ ನಮ್ಮಿಬ್ಬರ ಪಾಲಿನ ನಾಚಿಕೆಯನ್ನೂ ಹೊರಿಸಿ ಕಳಿಸಿದಿರಿ. ಈ ತಿಂಗಳು ಮುಗಿಯುವುದರೊಳಗೆ ಆ ತಾಯಿಗೆ ಹೇಳಿ ಕಳಿಸಿ. ಗುಮಾಸ್ತರನ್ನು ಕಳಿಸಬೇಡಿ, ತಾವೇ ಆ ಬಸ್ಸು ಹತ್ತಿ. ನೀವು ನಿಜ ಹೇಳಿದ್ದು ಸರಿಯಾಗಿತ್ತು ತಾಯಿ, ಮಗಳನ್ನು ಕರೆದುಕೊಂಡು ಬನ್ನಿ ಎಂದು ಬಸ್ಸಿನಲ್ಲಿರುವ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ.

ಇಂತಿ,
ತಮ್ಮ ಸಚಿವಾಲಯವನ್ನು ಚೆನ್ನಾಗಿ ಬಲ್ಲವನಾದ್ದರಿಂದಲೇ ಕೆಲಸ ಮಾಡಿಸಿಕೊಂಡ,
ಆ ಕಾರಣಕ್ಕೇ ಆ ಬಸ್ಸನ್ನು ಬಿಟ್ಟು ಈಗ ನಡೆದೇ ಓಡಾಡುತ್ತಿರುವ
ಒಬ್ಬ ಅಜ್ಜ